ಹರಿವು ಬೇರೆ, ರಭಸ ಬೇರೆ: ಕ್ಯಾನಿಸ್ಟರ್ ಫಿಲ್ಟರಿನ ನೀರನ್ನು ಹದಕ್ಕೆ ತರುವುದು

(ಮೀನು ಸಾಕುವ ಗೆಳೆಯರ ಮುಂದೆ ಆಡಿದ ಮಾತು ಇದು. ತೊದಲಿದ್ದು, ಬಕೆಟ್ ಉರುಳಿಸಿ ನೆಲ ಒರೆಸಿದ್ದು ಎಲ್ಲ ಬಿಟ್ಟಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಬಂದ ಕಡೆಯೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ನಾನು ಮಾಡಿದ ಒಂದು ಎಡವಟ್ಟು ಹೇಳಿಬಿಡುತ್ತೇನೆ, ಆಮೇಲೆ ಬುದ್ಧಿ ಹೇಳಲು ಸುಲಭ.

60 ಲೀಟರಿನ ಟ್ಯಾಂಕು. ಒಂದೇ ಒಂದು ಫೈಟರ್ ಮೀನು, ಅಂದರೆ ಬೆಟ್ಟಾ. ಫಿಲ್ಟರ್ ದೊಡ್ಡದಾದಷ್ಟೂ ನೀರು ಚೊಕ್ಕ ಅಂತ ಯಾರೋ ಹೇಳಿದ್ದನ್ನು ನಂಬಿ, ಗಂಟೆಗೆ 600 ಲೀಟರ್ ಎಂದು ಬರೆದಿದ್ದ ಕ್ಯಾನಿಸ್ಟರ್ ತಂದು ಜೋಡಿಸಿದೆ. ಕ್ಯಾನಿಸ್ಟರ್ ಅಂದರೆ ಟ್ಯಾಂಕಿನ ಹೊರಗೆ, ಕೆಳಗೆ ಇಡುವ ಮುಚ್ಚಿದ ಡಬ್ಬದ ಫಿಲ್ಟರ್; ಒಂದು ಪೈಪು ಟ್ಯಾಂಕಿನ ನೀರು ಹೀರುತ್ತದೆ, ಇನ್ನೊಂದು ಸೋಸಿದ ನೀರನ್ನು ವಾಪಸ್ ಬಿಡುತ್ತದೆ. ಸ್ವಿಚ್ ಹಾಕಿದ ಮರುಕ್ಷಣ ಮೀನು ಈ ತುದಿಯಿಂದ ಆ ತುದಿಗೆ ಹೋಯಿತು. ಈಜಿಕೊಂಡು ಹೋಗಲಿಲ್ಲ, ನೀರು ಅದನ್ನು ಒಯ್ದಿತು. ಎರಡು ದಿನ ಒಂದು ಎಲೆಯ ಹಿಂದೆ ಅವಿತುಕೊಂಡು ಊಟವನ್ನೂ ಬಿಟ್ಟಿತು. ನನಗೆ ಗಾಬರಿ. ಕೈಗೆ ಸಿಕ್ಕ ನಲ್ಲಿಯನ್ನು ಅರ್ಧ ತಿರುಗಿಸಿದೆ. ಹರಿವು ಕಡಿಮೆಯಾಯಿತು, ನಾನು ಹೋಗಿ ಮಲಗಿದೆ. ನಡುರಾತ್ರಿ ಕ್ಯಾನಿಸ್ಟರಿನಿಂದ ಗರಗರ ಸದ್ದು, ಟ್ಯಾಂಕಿನೊಳಗೆ ಸಣ್ಣ ಸಣ್ಣ ಗುಳ್ಳೆಗಳ ಮಂಜು. ನಾನು ತಿರುಗಿಸಿದ್ದು ಹೀರುವ ಪೈಪಿನ ನಲ್ಲಿಯನ್ನು.

ಇವತ್ತಿನ ಮಾತಿನಲ್ಲಿ ಇದೊಂದನ್ನಾದರೂ ನೆನಪಿಡಿ: ಹರಿವು ತಗ್ಗಿಸಲೇಬೇಕು ಅಂದರೆ ನೀರು ಹೊರಗೆ ಬಿಡುವ ಕಡೆ ತಗ್ಗಿಸಿ, ಹೀರುವ ಕಡೆ ಮುಟ್ಟಲೇಬೇಡಿ. ಕಾರಣ ಸರಳ. ಪಂಪಿನ ಹತ್ತಿರ ನೀರು ಬರುವ ದಾರಿ ಕಿರಿದಾದರೆ ಪಂಪು ಹಸಿದ ಹಾಗೆ ಜೋರಾಗಿ ಎಳೆಯುತ್ತದೆ, ಅಲ್ಲಿ ಒತ್ತಡ ಕುಸಿಯುತ್ತದೆ, ನೀರಿನಲ್ಲಿ ಕರಗಿದ್ದ ಗಾಳಿ ಗುಳ್ಳೆಯಾಗಿ ಹೊರಗೆ ಬರುತ್ತದೆ. ಮುಚ್ಚಳದ ರಬ್ಬರ್ ರಿಂಗ್ ಸ್ವಲ್ಪ ಹಳೆಯದಾಗಿದ್ದರೆ ಅಲ್ಲಿಂದಲೂ ಹೊರಗಿನ ಗಾಳಿ ಒಳಗೆ ಬರುತ್ತದೆ. ಗಾಳಿ ಮೇಲಕ್ಕೇರಿ ಇಂಪೆಲ್ಲರಿನ, ಅಂದರೆ ಪಂಪಿನೊಳಗೆ ತಿರುಗುವ ರೆಕ್ಕೆಯ ಸುತ್ತ ಸೇರುತ್ತದೆ. ಗರಗರ ಸದ್ದು ಅದೇ. ಈ ಪಂಪುಗಳಿಗೆ ತಂಪು ಕೊಡುವುದೂ ಸವೆಯದಂತೆ ಕಾಯುವುದೂ ಒಳಗೆ ಹರಿಯುವ ನೀರೇ. ನೀರಿನ ಜಾಗದಲ್ಲಿ ಗಾಳಿ ಕೂತರೆ ಎಷ್ಟು ದಿನ ಬಾಳುತ್ತದೆ ಹೇಳಿ.

ಬಿಡುವ ಕಡೆ ಅರ್ಧ ಮುಚ್ಚಿದರೆ ಈ ತೊಂದರೆ ಇಲ್ಲ. "ಪಂಪಿಗೆ ಎದುರು ಒತ್ತಡ ಬೀಳುವುದಿಲ್ಲವೇ, ಮೋಟಾರ್ ಸುಡುವುದಿಲ್ಲವೇ" ಅಂತ ಮುಂದಿನ ಸಾಲಿನಿಂದ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಇದು ರೆಕ್ಕೆ ತಿರುಗಿಸಿ ನೀರನ್ನು ಅಂಚಿಗೆ ಎಸೆಯುವ ಪಂಪು, ಪಿಸ್ಟನ್ ಪಂಪ್ ಅಲ್ಲ. ದಾರಿ ಕಿರಿದಾದರೆ ಎಸೆಯುವ ನೀರು ಕಡಿಮೆಯಾಗುತ್ತದೆ, ಕೆಲಸವೂ ಕಡಿಮೆಯಾಗುತ್ತದೆ. ಪೂರ್ತಿ ಮುಚ್ಚಿ ಗಂಟೆಗಟ್ಟಲೆ ಬಿಟ್ಟರೆ ಒಳಗಿನ ಅಷ್ಟೇ ನೀರು ಸುತ್ತಿ ಸುತ್ತಿ ಬಿಸಿಯಾಗುತ್ತದೆ, ಹಾಗೆ ಮಾಡಬೇಡಿ. ಅರ್ಧ, ಮುಕ್ಕಾಲು ಮುಚ್ಚಿದರೆ ಏನೂ ಆಗುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ. ಕೆಲವು ಕ್ಯಾನಿಸ್ಟರುಗಳಲ್ಲಿ ಎರಡು ಪೈಪಿಗೂ ಸೇರಿ ಒಂದೇ ಹಿಡಿ ಇರುತ್ತದೆ. ಅದು ತೊಳೆಯುವಾಗ ಪೈಪು ಬಿಡಿಸಲು ಇರುವುದು. ಅದನ್ನು ಅರ್ಧಕ್ಕೆ ನಿಲ್ಲಿಸಿದರೆ ಎರಡೂ ಕಡೆ ಕಿರಿದಾಗುತ್ತದೆ. ಅಂಥ ಕಡೆ ಬಿಡುವ ಪೈಪನ್ನು ಕತ್ತರಿಸಿ ನಡುವೆ ಬೇರೆಯೇ ಒಂದು ವಾಲ್ವ್ ಹಾಕಿ. ಪೈಪನ್ನು ಮಡಚಿ ದಾರ ಕಟ್ಟುವವರನ್ನೂ ನೋಡಿದ್ದೇನೆ. ಮಡಚಿದ ಜಾಗ ಬಿರುಕು ಬಿಡುತ್ತದೆ, ಬಿಡುವುದೂ ನೀವು ಮನೆಯಲ್ಲಿ ಇಲ್ಲದಾಗಲೇ.

ಇಷ್ಟು ಹೇಳಿದೆ ಅಂತ ಎಲ್ಲರೂ ಹೋಗಿ ನಲ್ಲಿ ತಿರುಗಿಸಬೇಡಿ. ಯಾಕೆಂದರೆ ಅರ್ಧಕ್ಕರ್ಧ ಟ್ಯಾಂಕುಗಳಲ್ಲಿ ಹರಿವು ತಗ್ಗಿಸುವ ಅಗತ್ಯವೇ ಇರುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ತಗ್ಗಿಸಬೇಕಾದದ್ದು ರಭಸ. ಹರಿವು ಅಂದರೆ ಗಂಟೆಗೆ ಎಷ್ಟು ಲೀಟರ್ ಸುತ್ತುತ್ತದೆ ಅನ್ನುವುದು. ರಭಸ ಅಂದರೆ ಬಂದ ನೀರು ಎಷ್ಟು ಜೋರಾಗಿ ಮೀನಿನ ಮೈಗೆ ಹೊಡೆಯುತ್ತದೆ ಅನ್ನುವುದು. ಫಿಲ್ಟರಿಗೆ ಬೇಕಾದದ್ದು ಹರಿವು, ಮೀನಿಗೆ ತಟ್ಟುವುದು ರಭಸ. ಗಿಡಕ್ಕೆ ನೀರು ಹಾಯಿಸುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಇಟ್ಟರೆ ಏನಾಗುತ್ತದೆ? ಬರುವ ನೀರು ಕಡಿಮೆಯಾಗುತ್ತದೆ, ಆದರೆ ಆಚೆ ಗೋಡೆಗೆ ಹೋಗಿ ಬಡಿಯುತ್ತದೆ. ಕೆಲವರು ಟ್ಯಾಂಕಿನಲ್ಲಿ ಮಾಡುವುದೂ ಇದನ್ನೇ. ಹರಿವು ಜಾಸ್ತಿಯಾಯಿತು ಅಂತ ಬಾಯಿಗೆ ಸಣ್ಣ ನಳಿಕೆ ಹಾಕುತ್ತಾರೆ, ರಭಸ ಇನ್ನೂ ಏರುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ, ಹೆದರಬೇಡಿ. ಗಂಟೆಗೆ 1000 ಲೀಟರ್ ಅಂದರೆ ಸೆಕೆಂಡಿಗೆ ಸುಮಾರು 278 ಮಿಲಿಲೀಟರ್. ಒಳ ಅಗಲ 16 ಮಿಲಿಮೀಟರ್ ಇರುವ ಪೈಪಿನಲ್ಲಿ ಅದು ಸೆಕೆಂಡಿಗೆ ಸುಮಾರು 1.4 ಮೀಟರ್ ವೇಗದಲ್ಲಿ ಬರುತ್ತದೆ. ಅಷ್ಟೇ ನೀರು 12 ಮಿಲಿಮೀಟರ್ ಪೈಪಿನಲ್ಲಿ ಬಂದರೆ ಸುಮಾರು 2.5 ಮೀಟರ್. ಈಗ ಬಾಯಿಯನ್ನು ಹೂವಿನ ಹಾಗೆ 40 ಮಿಲಿಮೀಟರಿಗೆ ಅಗಲ ಮಾಡಿ. ನೀರು ಬಾಯಿ ತುಂಬ ಸಮನಾಗಿ ಹರಡಿದರೆ ಸೆಕೆಂಡಿಗೆ 22 ಸೆಂಟಿಮೀಟರ್ ಅಷ್ಟೆ. ಅಷ್ಟು ಸಮನಾಗಿ ಹರಡುವುದಿಲ್ಲ ನಿಜ, ಆದರೂ ಎಷ್ಟು ಇಳಿಯಿತು ನೋಡಿ. ಒಂದು ಲೀಟರೂ ಕಳೆದುಕೊಳ್ಳಲಿಲ್ಲ ಅಲ್ವಾ? ಗಾಜಿನ ಲಿಲಿ ಪೈಪಿನ ಗುಟ್ಟು ಇದೇ. ಜನ ಅದನ್ನು ಚೆಂದಕ್ಕೆ ಕೊಳ್ಳುತ್ತಾರೆ, ಚೆಂದ ಇದೆ ಕೂಡ, ಆದರೆ ಕೆಲಸ ಮಾಡುವುದು ಆ ಅಗಲ ಬಾಯಿ. ತೊಳೆಯುವಾಗ ಒಡೆಯುವುದೂ ಅದೇ ಬಾಯಿ, ನಾನು ಎರಡು ಒಡೆದಿದ್ದೇನೆ.

ಸ್ಪ್ರೇ ಬಾರ್ ಇನ್ನೊಂದು ದಾರಿ. ತೂತುಗಳಿರುವ ಉದ್ದ ಕೊಳವೆ. ಹೆಚ್ಚಿನವರು ಇದನ್ನು ತಂದ ಹಾಗೇ ಹಾಕುತ್ತಾರೆ, ತೂತಿನ ಲೆಕ್ಕ ನೋಡುವುದಿಲ್ಲ. 16 ಮಿಲಿಮೀಟರ್ ಪೈಪಿನ ಬಾಯಿಗೆ ಸಮ ಆಗಬೇಕಾದರೆ 4 ಮಿಲಿಮೀಟರಿನ ತೂತು 16 ಬೇಕು, 3 ಮಿಲಿಮೀಟರಿನದ್ದಾದರೆ 28 ಬೇಕು. ನಿಮ್ಮ ಬಾರಿನಲ್ಲಿ 3 ಮಿಲಿಮೀಟರಿನ ಹತ್ತೇ ತೂತು ಇದ್ದರೆ ಅದು ಹೆಬ್ಬೆರಳು ಇಟ್ಟ ಹಾಗೇ. ಹರಿವೂ ಕುಗ್ಗುತ್ತದೆ, ಸೂಜಿಯ ಹಾಗೆ ಚುಚ್ಚುವ ಧಾರೆಯೂ ಬರುತ್ತದೆ. ತೂತು ದೊಡ್ಡದು ಮಾಡಿ ಅಥವಾ ಜಾಸ್ತಿ ಮಾಡಿ. ಪ್ಲಾಸ್ಟಿಕ್ ಬಾರ್ ಆದರೆ ಕೈ ಡ್ರಿಲ್ಲಿನಲ್ಲಿ ಐದು ನಿಮಿಷದ ಕೆಲಸ. ಚೂರುಗಳನ್ನು ಮಾತ್ರ ಚೆನ್ನಾಗಿ ತೊಳೆದುಬಿಡಿ.

ತೂತುಗಳ ಒಟ್ಟು ಅಳತೆ ಪೈಪಿನಷ್ಟೇ ಇದ್ದರೆ ಪ್ರತಿ ತೂತಿನಿಂದ ನೀರು ಅದೇ ವೇಗದಲ್ಲಿ ತಾನೇ ಹೊರಡುವುದು, ಮತ್ತೆ ಲಾಭ ಏನು ಅಂತ ಒಬ್ಬ ಹುಡುಗ ಕೇಳಿದ. ಸರಿಯಾಗಿ ಹಿಡಿದ. ಹೊರಡುವಾಗ ವೇಗ ಒಂದೇ. ಆದರೆ ಸಣ್ಣ ಧಾರೆ ಬೇಗ ಸೋಲುತ್ತದೆ. ಅಕ್ಕಪಕ್ಕದ ನಿಂತ ನೀರನ್ನು ತನ್ನ ಜೊತೆ ಎಳೆದುಕೊಳ್ಳುತ್ತಾ ಹೋಗಿ ದಣಿಯುತ್ತದೆ. ಧಾರೆ ನಾಲ್ಕು ಪಟ್ಟು ತೆಳ್ಳಗಾದರೆ ಹೆಚ್ಚುಕಡಿಮೆ ಕಾಲು ದೂರದಲ್ಲೇ ಅಷ್ಟು ದಣಿಯುತ್ತದೆ. ಅಕ್ಕಪಕ್ಕದ ಧಾರೆಗಳು ಒಂದಕ್ಕೊಂದು ಕೂಡಿಕೊಂಡರೆ ಲೆಕ್ಕ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ, ಹಾಗಾಗಿ ತೂತುಗಳ ನಡುವೆ ಜಾಗ ಬಿಡಿ.

ದುಡ್ಡು ಖರ್ಚಿಲ್ಲದ ದಾರಿಗಳೂ ಇವೆ, ನಾನು ಮೊದಲು ನೋಡುವುದು ಇವನ್ನೇ. ಬಾಯಿಯನ್ನು ತಿರುಗಿಸಿ ಹತ್ತಿರದ ಗಾಜಿಗೆ ನೀರು ಹೊಡೆಯುವ ಹಾಗೆ ಮಾಡಿ. ಸ್ಪ್ರೇ ಬಾರ್ ಇದ್ದರೆ ತೂತುಗಳನ್ನು ಹಿಂದಿನ ಗಾಜಿನ ಕಡೆ ಮುಖ ಮಾಡಿಸಿ. ಗಾಜಿಗೆ ಬಡಿದ ನೀರು ಹರಡಿ ಮೆತ್ತಗೆ ಬರುತ್ತದೆ. ಬಾಯಿಗೆ ಅಡ್ಡವಾಗಿ ಒಂದು ಮರದ ಕೊಂಬೆ, ಕಲ್ಲು, ದಟ್ಟ ಗಿಡ ಇಟ್ಟರೂ ಆಗುತ್ತದೆ. ಬಾಯಿಗೆ ಒರಟು ಸ್ಪಂಜು ಸಿಕ್ಕಿಸುವುದು ಬೆಟ್ಟಾ ಸಾಕುವವರ ನೆಚ್ಚಿನ ಉಪಾಯ. ಕೆಲಸ ಮಾಡುತ್ತದೆ, ಆದರೆ ಆ ಸ್ಪಂಜು ವಾರವಾರ ಕಟ್ಟಿಕೊಳ್ಳುತ್ತದೆ, ನೋಡಲೂ ಚೆನ್ನಾಗಿರುವುದಿಲ್ಲ. ನನ್ನ ಬೆಟ್ಟಾ ಟ್ಯಾಂಕಿಗೆ ಕೊನೆಗೆ ಸರಿಹೋದದ್ದು ಗಾಜಿಗೆ ಮುಖ ಮಾಡಿದ ಸ್ಪ್ರೇ ಬಾರ್, ಜೊತೆಗೆ ಬಿಡುವ ನಲ್ಲಿ ಸ್ವಲ್ಪ ತಗ್ಗಿಸಿದ್ದು.

ಇನ್ನೊಂದು ಉಪಾಯ ಬಿಡುವ ಪೈಪನ್ನು ಕವಲು ಮಾಡುವುದು. ಇಂಗ್ಲಿಷಿನ T ಆಕಾರದ ಒಂದು ಜೋಡಣೆ ತುಂಡು ಹಾಕಿ ಎರಡು ಬಾಯಿ ಮಾಡಿ, ಒಂದನ್ನು ಒಂದು ಮೂಲೆಗೆ, ಇನ್ನೊಂದನ್ನು ಇನ್ನೊಂದು ಮೂಲೆಗೆ ಬಿಡಿ. ಉದ್ದ ಟ್ಯಾಂಕಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಫಿಲ್ಟರಿನೊಳಗೆ ಹರಿವು ಪೂರ್ತಿ ಇರುತ್ತದೆ, ಟ್ಯಾಂಕಿನಲ್ಲಿ ಹಂಚಿಹೋಗುತ್ತದೆ.

ಫಿಲ್ಟರಿನ ಹರಿವು ಉಳಿಸಿ ಅಂತ ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ಒಳಗಿನ ಮೀಡಿಯಾದ, ಅಂದರೆ ನೀರು ಸೋಸಲು ತುಂಬಿದ ಸಾಮಾನುಗಳ ಮೇಲೆ ಕೂತಿರುವ ಬ್ಯಾಕ್ಟೀರಿಯಾಗಳಿಗಾಗಿ. ಮೀನಿನ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುವವರು ಇವರೇ. ಇವರಿಗೆ ಆಮ್ಲಜನಕ ಬೇಕು. ಮುಚ್ಚಿದ ಡಬ್ಬದೊಳಗೆ ಆಮ್ಲಜನಕ ಬರುವುದು ಹರಿದು ಬರುವ ನೀರಿನ ಜೊತೆಗೇ, ಬೇರೆ ದಾರಿ ಇಲ್ಲ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಹಿಡಿಯುವ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು 7.5. ಆದ್ದರಿಂದ ಬೇಸಿಗೆಯಲ್ಲಿ ಹರಿವು ತಗ್ಗಿಸುವಾಗ ಎರಡು ಸಲ ಯೋಚಿಸಿ. ಫಿಲ್ಟರ್ ನಿಲ್ಲಿಸಿ ಹಲವು ಗಂಟೆ ಆಗಿದ್ದರೆ ಸುಮ್ನೆ ಸ್ವಿಚ್ ಹಾಕಿಬಿಡಬೇಡಿ. ತೆರೆದು ಮೂಸಿ ನೋಡಿ. ಕೊಳೆತ ವಾಸನೆ ಬಂದರೆ ಒಳಗಿನ ನೀರು ಚೆಲ್ಲಿ, ಮೀಡಿಯಾವನ್ನು ಟ್ಯಾಂಕಿನ ನೀರಿನಲ್ಲೇ ಜಾಲಾಡಿಸಿ ಆಮೇಲೆ ಹಾಕಿ.

ಹಾಗಾದರೆ ಎಷ್ಟು ಹರಿವು ಬೇಕು? ಗಂಟೆಗೆ ಟ್ಯಾಂಕಿನ ನೀರಿನ ನಾಲ್ಕರಿಂದ ಆರು ಪಟ್ಟು ಅನ್ನುವುದು ಬಳಕೆಯಲ್ಲಿರುವ ಮಾತು, ಗಿಡ ದಟ್ಟವಾಗಿರುವ ಟ್ಯಾಂಕಿಗೆ ಹತ್ತು ಪಟ್ಟಿನ ತನಕವೂ ಹೇಳುತ್ತಾರೆ. ನಾನು ಇದನ್ನು ಕಟ್ಟಳೆ ಅಂತ ನೋಡುವುದಿಲ್ಲ. ಮೀನು ನೋಡಿ ತೀರ್ಮಾನಿಸಿ. ಬೆಟ್ಟಾ, ಉದ್ದ ಬಾಲದ ಗಪ್ಪಿ, ಏಂಜೆಲ್, ಡಿಸ್ಕಸ್ ಇವೆಲ್ಲ ನಿಧಾನದ ನೀರಿನವು. ಡೇನಿಯೋಗಳು ಹರಿವಿನಲ್ಲಿ ಆಡುತ್ತವೆ. ಬೆಟ್ಟದ ತೊರೆಗಳಲ್ಲಿ ಕಲ್ಲಿಗೆ ಅಂಟಿಕೊಂಡು ಬದುಕುವ ಹಿಲ್‌ಸ್ಟ್ರೀಮ್ ಲೋಚುಗಳಿಗೆ ಜೋರು ಹರಿವು ಇಲ್ಲದಿದ್ದರೆ ಆಗುವುದಿಲ್ಲ. ತಲೆನೋವು ಗುಂಡು ಮೈಯ ಗೋಲ್ಡ್ ಫಿಶ್‌ನದು. ಗಲೀಜು ಮಾಡುವುದರಲ್ಲಿ ಮುಂದು, ಈಜುವುದರಲ್ಲಿ ಹಿಂದು. ಹರಿವು ಜಾಸ್ತಿ ಬೇಕು, ರಭಸ ಬೇಡವೇ ಬೇಡ. ಅಂಥ ಟ್ಯಾಂಕಿಗೆ ನಲ್ಲಿ ತಿರುಗಿಸಿದರೆ ನಷ್ಟ. ಅಗಲ ಬಾಯಿ, ಸ್ಪ್ರೇ ಬಾರ್ ಇವೇ ಗತಿ.

ಡಬ್ಬದ ಮೇಲೆ ಬರೆದ ಸಂಖ್ಯೆಯನ್ನು ನಂಬಿ ಈ ಲೆಕ್ಕ ಹಾಕಬೇಡಿ. ಅದು ಎಷ್ಟೋ ಸಲ ಮೀಡಿಯಾ ಇಲ್ಲದ ಬರೀ ಪಂಪಿನ ಅಳತೆ. ಸ್ಪಂಜು, ಮೀಡಿಯಾ, ಪೈಪಿನ ಬಾಗು ಎಲ್ಲ ಸೇರಿದ ಮೇಲೆ ಬರುವುದು ಬೇರೆ. ನೀವೇ ಅಳೆಯಿರಿ. ಒಂದು ಲೀಟರಿನ ಜಗ್ಗು, ಫೋನಿನ ಸ್ಟಾಪ್‌ವಾಚ್ ಸಾಕು. ಜಗ್ಗು ತುಂಬಲು ಆದ ಸೆಕೆಂಡುಗಳಿಂದ 3600 ಅನ್ನು ಭಾಗಿಸಿ. 6 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 600 ಲೀಟರ್. ಮೂರು ಸಲ ಅಳೆದು ಸರಾಸರಿ ತೆಗೆದುಕೊಳ್ಳಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು, ನಾನು ಇಲ್ಲಿ ಬಕೆಟ್ ಇಟ್ಟು ತೋರಿಸಿದ್ದು ಅದಕ್ಕೇ. ಪೈಪನ್ನು ಕೆಳಗೆ ನೆಲದ ಮೇಲಿನ ಬಕೆಟಿಗೆ ಬಿಟ್ಟು ಅಳೆಯುತ್ತಾರೆ. ಅಳತೆ ಜಾಸ್ತಿ ಬರುತ್ತದೆ, ಖುಷಿಪಡುತ್ತಾರೆ. ಕ್ಯಾನಿಸ್ಟರ್ ಕೆಲಸ ಮಾಡುವಾಗ ಎರಡೂ ಪೈಪುಗಳಲ್ಲಿ ನೀರು ತುಂಬಿರುತ್ತದೆ, ಎರಡರ ತುದಿಯೂ ಒಂದೇ ನೀರಿನಲ್ಲಿರುತ್ತದೆ. ತಕ್ಕಡಿಯ ಎರಡು ತಟ್ಟೆಯ ಹಾಗೆ ಇಳಿಯುವ ನೀರು ಏರುವ ನೀರನ್ನು ಸರಿದೂಗಿಸುತ್ತದೆ. ಪಂಪು ನಿಜವಾಗಿ ಎದುರಿಸುವುದು ಪೈಪಿನ, ಮೀಡಿಯಾದ ತಡೆಯನ್ನು ಮಾತ್ರ. ಬಾಯಿಯನ್ನು ನೆಲಕ್ಕೆ ತಂದರೆ ತಕ್ಕಡಿ ವಾಲುತ್ತದೆ, ಇಳಿಜಾರು ಕೂಡ ಪಂಪಿನ ಜೊತೆ ತಳ್ಳುತ್ತದೆ. ಆದ್ದರಿಂದ ಜಗ್ಗನ್ನು ಟ್ಯಾಂಕಿನ ನೀರಿನ ಮಟ್ಟದಲ್ಲೇ ಹಿಡಿದು ಅಳೆಯಿರಿ. ಕೈ ಸ್ವಲ್ಪ ನೋಯುತ್ತದೆ, ತೊಂದರೆ ಇಲ್ಲ.

ಆಮೇಲೆ ಒಬ್ಬರು, "ಫ್ಯಾನಿನ ರೆಗ್ಯುಲೇಟರ್ ಸಿಕ್ಕಿಸಿ ಪಂಪನ್ನು ನಿಧಾನ ಮಾಡಬಹುದಲ್ಲ" ಅಂದರು. ಬೇಡ. ಸಾಮಾನ್ಯ ಕ್ಯಾನಿಸ್ಟರಿನ ಮೋಟಾರು ಕರೆಂಟಿನ ತಾಳಕ್ಕೆ ತಿರುಗುವಂಥದ್ದು. 50 ಹರ್ಟ್ಸ್ ಇದ್ದರೆ ನಿಮಿಷಕ್ಕೆ 3000 ಸುತ್ತು, 60 ಹರ್ಟ್ಸ್ ಇದ್ದರೆ 3600. ವೋಲ್ಟೇಜ್ ಇಳಿಸಿದರೆ ಅದು ನಿಧಾನ ಆಗುವುದಿಲ್ಲ. ತಾಳ ತಪ್ಪಿ ನಿಲ್ಲುತ್ತದೆ, ಅಲ್ಲೇ ಗುಂಯ್ ಅನ್ನುತ್ತಾ ಬಿಸಿಯಾಗುತ್ತದೆ. ವೇಗ ಬದಲಿಸುವ ಬಟನ್ ಇರುವ ಕ್ಯಾನಿಸ್ಟರುಗಳ ಒಳಗಿನ ವಿದ್ಯುತ್ ಏರ್ಪಾಡೇ ಬೇರೆ. ಅಂಥದ್ದು ನಿಮ್ಮಲ್ಲಿದ್ದರೆ ನಲ್ಲಿ ಮರೆತು ಬಟನ್ ಒತ್ತಿ. ಅದು ಎಲ್ಲಕ್ಕಿಂತ ಚೊಕ್ಕ ದಾರಿ.

ಮೇಲ್ಮೈ ವಿಷಯ ಬೇಗ ಮುಗಿಸುತ್ತೇನೆ. ನೀರಿನ ಮೇಲೆ ಎಣ್ಣೆಯ ಹಾಗೆ ಪದರ ಕಟ್ಟಿದ್ದರೆ ಬಾಯಿಯನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿ, ಮೇಲ್ಮೈ ಸಣ್ಣಗೆ ಅಲುಗಿದರೆ ಸಾಕು. ಗಿಡಗಳಿಗೆ ಕಾರ್ಬನ್ ಡೈಆಕ್ಸೈಡ್ ಬಿಡುವವರು ಜಾಸ್ತಿ ಕಲಕಬೇಡಿ, ಬಿಟ್ಟ ಅನಿಲ ಗಾಳಿಗೆ ಹೋಗುತ್ತದೆ. ಬೆಟ್ಟಾ ಮೇಲೆ ಬಂದು ಗಾಳಿ ಕುಡಿಯುವ ಮೀನು, ಗಂಡು ಮೀನು ಮೇಲ್ಮೈಯಲ್ಲೇ ಗುಳ್ಳೆಗೂಡು ಕಟ್ಟುತ್ತದೆ, ಅದಕ್ಕೂ ಒಂದು ಶಾಂತ ಮೂಲೆ ಬಿಡಿ.

ಕೆಲವರ ಅಳಲು ಇದಕ್ಕೆ ತದ್ವಿರುದ್ಧ. ಮೊದಲು ಜೋರಾಗಿತ್ತು, ಈಗ ನೀರೇ ಬರುತ್ತಿಲ್ಲ ಅನ್ನುತ್ತಾರೆ. ಪಂಪು ಹಳತಾಯಿತು ಅಂತ ಹೊಸದು ಕೊಳ್ಳುವ ಮೊದಲು ಪೈಪಿನ ಒಳಗೆ ನೋಡಿ. ಕಂದು ಲೋಳೆ ಕಟ್ಟಿರುತ್ತದೆ. ಪೈಪು ಕಿರಿದಾದಾಗ ತಡೆ ಎಷ್ಟು ಬೇಗ ಏರುತ್ತದೆ ಅಂದರೆ, ಅಷ್ಟೇ ನೀರನ್ನು 16ರ ಬದಲು 12 ಮಿಲಿಮೀಟರಿನಲ್ಲಿ ಕಳಿಸಲು ಸುಮಾರು ನಾಲ್ಕು ಪಟ್ಟು ಜಾಸ್ತಿ ಒತ್ತಡ ಬೇಕು. ಉದ್ದ ಬ್ರಷ್ ಹಾಕಿ ಉಜ್ಜಿ. ಆಮೇಲೆ ನಯವಾದ ಬಿಳಿ ಹತ್ತಿಯಂಥ ಪದರ ನೋಡಿ, ಮೊದಲು ಕಟ್ಟಿಕೊಳ್ಳುವುದು ಅದೇ, ಕೆಲವರು ಅದನ್ನು ದಿಂಬಿಗೆ ತುಂಬಿದ ಹಾಗೆ ಒತ್ತಿ ತುಂಬುತ್ತಾರೆ. ಆಮೇಲೆ ಇಂಪೆಲ್ಲರ್ ಬಿಚ್ಚಿ ಅದು ಕೂರುವ ಕುಳಿ ಒರೆಸಿ. ಹೀರುವ ಬಾಯಿಗೆ ಸ್ಪಂಜು ಹಾಕಿದ್ದರೆ, ಸೀಗಡಿ ಮತ್ತು ಮರಿ ಇರುವ ಟ್ಯಾಂಕಿಗೆ ಅದು ಬೇಕೇ ಬೇಕು, ಅದನ್ನು ವಾರಕ್ಕೊಮ್ಮೆ ಹಿಂಡಿ. ಕಟ್ಟಿಕೊಂಡ ಸ್ಪಂಜು ಅಂದರೆ ಹೀರುವ ನಲ್ಲಿ ಅರ್ಧ ಮುಚ್ಚಿದ ಹಾಗೇ, ನನ್ನ ನಡುರಾತ್ರಿ ಗರಗರ ನೆನಪಿದೆಯಲ್ಲ.

ತೊಳೆದ ದಿನ ಹರಿವು ಒಮ್ಮೆಲೇ ಜೋರಾಗುತ್ತದೆ. ತಿಂಗಳ ಹಿಂದೆ ಹದ ಮಾಡಿದ ನಲ್ಲಿ ಅವತ್ತು ಹದ ಆಗಿರುವುದಿಲ್ಲ. ನಾನು ನಲ್ಲಿಯ ಹಿಡಿಯ ಪಕ್ಕ ಮಾರ್ಕರಿನಲ್ಲಿ ಎರಡು ಗೆರೆ ಎಳೆದಿದ್ದೇನೆ, ತೊಳೆದ ದಿನದ್ದು ಒಂದು, ಕಟ್ಟಿಕೊಂಡಾಗಿನದು ಒಂದು. ಗುಂಡು ತಿರುಗುವ ಬಾಲ್ ವಾಲ್ವ್ ಆದರೆ ಮೊದಲ ಸ್ವಲ್ಪ ದೂರ ತಿರುಗಿಸಿದರೂ ಏನೂ ಆದಂತೆ ಕಾಣುವುದಿಲ್ಲ, ಆಮೇಲೆ ಒಮ್ಮೆಲೇ ಬೀಳುತ್ತದೆ. ಕೂದಲೆಳೆಯಷ್ಟು ತಿರುಗಿಸಿ, ಎರಡು ನಿಮಿಷ ಕಾಯಿರಿ, ನೋಡಿ, ಮತ್ತೆ ತಿರುಗಿಸಿ.

ಹದ ಬಂದಿದೆಯೇ ಅಂತ ನೋಡಲು ಒಣ ಆಹಾರವನ್ನು ಪುಡಿ ಮಾಡಿ ನೀರು ಹೊರಬರುವ ಬಾಯಿಯ ಮುಂದೆ ಒಂದು ಚಿಟಿಕೆ ಬಿಡಿ. ಪುಡಿ ಎಲ್ಲಿ ಓಡುತ್ತದೆ, ಎಲ್ಲಿ ಸುಳಿಯುತ್ತದೆ, ಎಲ್ಲಿ ಹೋಗಿ ಕೂರುತ್ತದೆ ಎಲ್ಲ ಕಾಣುತ್ತದೆ. ಕೂರುವ ಮೂಲೆಯೇ ಮುಂದೆ ಗಲೀಜು ಸೇರುವ ಮೂಲೆ. ಬಾಯಿಯನ್ನು ಸ್ವಲ್ಪ ಆ ಕಡೆ ತಿರುಗಿಸಿ ಮತ್ತೆ ನೋಡಿ.

ಕೊನೆಯಲ್ಲಿ ಒಬ್ಬರು ಕೇಳಿದರು: "ನಮ್ಮ ಮೀನು ದಿನವಿಡೀ ಹರಿವಿಗೆ ಎದುರು ಈಜುತ್ತಲೇ ಇರುತ್ತದೆ, ಅದು ಆಟವೋ ಒದ್ದಾಟವೋ?" ಹರಿವಿಗೆ ಮುಖ ಮಾಡಿ ನಿಲ್ಲುವುದು ಮೀನುಗಳ ಹುಟ್ಟುಗುಣ, ಅದನ್ನೇ ನೋಡಿ ಹೆದರಬೇಡಿ. ಅದು ಬೇಕೆಂದಾಗ ಪಕ್ಕಕ್ಕೆ ಸರಿದು ನಿಲ್ಲುತ್ತದೆಯೇ ನೋಡಿ, ಊಟ ಹಾಕಿದಾಗ ಚೂರನ್ನು ಹಿಡಿಯಲು ಆಗುತ್ತದೆಯೇ ನೋಡಿ, ರಾತ್ರಿ ದೀಪ ಆರಿಸಿ ಒಂದು ಗಂಟೆ ಬಿಟ್ಟು ಸಣ್ಣ ಬೆಳಕಿನಲ್ಲಿ ಇಣುಕಿ, ಒರಗಿ ಮಲಗಲು ಜಾಗ ಸಿಕ್ಕಿದೆಯೇ ನೋಡಿ. ಮೂರಕ್ಕೂ ಹೌದು ಅಂತಾದರೆ ಆಡಲಿ ಬಿಡಿ. ಇಲ್ಲ ಅಂತಾದರೆ ಮೊದಲು ಬಾಯಿ ತಿರುಗಿಸಿ, ಆಮೇಲೆ ಬೇಕಿದ್ದರೆ ನಲ್ಲಿ.